ಹೊಸ ನೀರಿನ ಮೂರು ದಿನ

ಯಲಹಂಕ ಹಳೇ ಪೇಟೆ
12 ಮೇ 1984

ಸೊಣ್ಣೇಕುಂಟೆ ಒಡ್ಡಿನ ಬೀಗದ ಕೀಲಿಯನ್ನು ತಮ್ಮ ಕಚೇರಿಯ ಬೀರುವಿನಲ್ಲಿ ಭದ್ರವಾಗಿ ಇಟ್ಟುಕೊಂಡಿರುವ ಇಂಜಿನಿಯರ್ ಸಾಹೇಬರಿಗೆ,

ಮಾನ್ಯರೇ,

ನಾನು ಈವರೆಗೆ ಬರೆದ ಕಾಗದಗಳೆಲ್ಲ ಹೆಚ್ಚುಕಡಿಮೆ ಬಂಧುಬಳಗದ ಕಾಗದಗಳೇ. ಅಂಥ ಕಾಗದದಲ್ಲಿ ಮೊದಲು ಎಲ್ಲರ ಕ್ಷೇಮವನ್ನೂ ಹೆಸರು ಹಿಡಿದು ಕೇಳಬೇಕು, ಆಮೇಲೆ ವಿಷಯ. ನಿಮ್ಮ ಮನೆಯವರ ಹೆಸರು ನನಗೆ ತಿಳಿಯದು. ಆದ್ದರಿಂದ ನಿಮ್ಮ ವಶದಲ್ಲಿರುವ, ನನಗೆ ಹೆಸರು ಗೊತ್ತಿರುವವರ ಕ್ಷೇಮವನ್ನೇ ಕೇಳುತ್ತೇನೆ. ಪಕ್ಕೆ ಹೇಗಿದೆ? ಗಿರ್ಲು ಆರೋಗ್ಯವೇ? ಆರಲು ಕಣ್ಣಿಗೆ ಬಿದ್ದು ಬಹಳ ದಿನವಾಯಿತು, ಎಲ್ಲಿದೆ? ಕುಚ್ಚಿನ ಮಕ್ಕಳು ದೊಡ್ಡವಾದವೇ? ಕೊರವ ಈಗಲೂ ಮರಿಗಳನ್ನು ಹಿಂಡು ಕಟ್ಟಿಕೊಂಡು ಓಡಾಡುತ್ತದೆಯೇ?

ಉತ್ತರ ನನಗೆ ಗೊತ್ತಿದೆ, ಸ್ವಾಮಿ. ಮೂರು ಮಳೆಗಾಲ ಈ ಹೆಸರಿನ ಮೀನುಗಳೆಲ್ಲ ನಿಮ್ಮ ಕಬ್ಬಿಣದ ಬಾಗಿಲಿಗೆ ಮೂತಿ ತಿವಿದು ತಿವಿದು, ಹೊಟ್ಟೆಯ ಮೊಟ್ಟೆ ಹೊಟ್ಟೆಯಲ್ಲೇ ಇರುವಂತೆ ಸತ್ತವು. ನಾಲ್ಕನೆಯ ವರ್ಷ ಆ ಬಾಗಿಲನ್ನು ಮೂರು ದಿನ ಎತ್ತಿಟ್ಟ ತಪ್ಪಿಗೆ ನೀರುಗಂಟಿ ಮುನಿರಾಮಯ್ಯನಿಗೆ ನೀವು ನೋಟೀಸು ಕೊಟ್ಟಿದ್ದೀರಿ. ಜೂನ್ ನಾಲ್ಕಕ್ಕೆ ವಿಚಾರಣೆ. ಆ ದಿನ ಅವನನ್ನು ಕೆಲಸದಿಂದ ತೆಗೆದರೆ ಒಡ್ಡಿನ ಹತ್ತಿರ ನಿಂತು ನೀರನ್ನು ನೋಡುವವರು ಯಾರೂ ಇರುವುದಿಲ್ಲ. ನನ್ನ ದೂರು ಇಷ್ಟೇ. ಇಷ್ಟನ್ನು ಓದಿ ಮುಂದಿನದನ್ನು ಗುಮಾಸ್ತರ ಕೈಗೆ ದಾಟಿಸುವ ಅಭ್ಯಾಸ ತಮಗಿದ್ದರೆ, ಈ ಕಾಗದದ ಒಂದು ಪ್ರತಿ ಪತ್ರಿಕೆಗೂ ಹೋಗಿದೆ ಎಂಬುದನ್ನು ತಿಳಿಸಿಬಿಡುತ್ತೇನೆ. ಅಲ್ಲಿ ನಿಮಗಿಂತ ಮೊದಲೇ ನಿಮ್ಮ ಗುಮಾಸ್ತರು ಓದಿರುತ್ತಾರೆ.

ನಾನು ಬಲೆ ಹೆಣೆಯುವವನು. ಮೀನಿನ ಪರವಾಗಿ ಮಾತಾಡಲು ಬಲೆಯವನಿಗೇನು ಹಕ್ಕು ಎಂದು ಕೇಳುತ್ತೀರಿ. ಕೇಳಿ. ನಲವತ್ತೈದು ವರ್ಷ ನನ್ನ ಕೈಯಿಂದ ಹೋದ ಬಲೆಗಳಲ್ಲಿ ಎಷ್ಟು ಮೀನು ಸತ್ತಿವೆಯೋ ಮೇಲಿನವನಿಗೇ ಗೊತ್ತು. ಆದರೆ ಕೊಲ್ಲುವವನಿಗೂ ಒಂದು ಲೆಕ್ಕಾಚಾರ ಇರುತ್ತದೆ, ಮುಂದಿನ ವರ್ಷವೂ ಮೀನು ಇರಬೇಕು ಎನ್ನುವುದು. ನಾನು ಶಾಲೆಗೆ ಹೋದವನಲ್ಲ. ಬಲೆಯ ನೂಲಿನ ಕಟ್ಟುಗಳಿಗೆ ಸುತ್ತಿ ಬರುತ್ತಿದ್ದ ಕನ್ನಡ ಪತ್ರಿಕೆಗಳನ್ನು ಬಿಡಿಸಿ, ಅಂಗಡಿ ಬೋರ್ಡುಗಳ ಜೊತೆ ಹೋಲಿಸಿ ಅಕ್ಷರ ಕಲಿತೆ. ಮನೆಯ ಮಾತು ಬೇರೆ, ಬರೆಯುವುದು ಮಾತ್ರ ಕನ್ನಡ. ಕಲಿತ ಮೇಲೆ ಯಲಹಂಕದಿಂದ ರಾಜಾನುಕುಂಟೆ ದಾಟಿ ಆ ಕಡೆಯ ಹಳ್ಳಿಗಳವರೆಗೂ ಯಾರ ಮನೆಗೆ ಕಾಗದ ಬಂದರೂ ಓದುವವನು ನಾನು, ಯಾರ ಮಗಳಿಗೆ ಕಾಗದ ಹೋಗಬೇಕಾದರೂ ಬರೆಯುವವನು ನಾನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ನನ್ನ ತಪ್ಪೊಂದನ್ನು ಹೇಳಬೇಕಿದೆ, ಅದಕ್ಕೆ ಇದು ಬೇಕು.

ನೀವು ಒಡ್ಡನ್ನು ನಕ್ಷೆಯಲ್ಲಿ ನೋಡಿರಬಹುದು. ನಾನು ಕಂಡದ್ದನ್ನು ಹೇಳುತ್ತೇನೆ. ರಾಜಾನುಕುಂಟೆಯಿಂದಾಚೆ ಸೊಣ್ಣೇಕುಂಟೆಯ ಪಕ್ಕದಲ್ಲಿ ಒಂದು ಹಳ್ಳ ಹರಿದು ಪಡುವಣಕ್ಕೆ ಹೋಗಿ ಅರ್ಕಾವತಿ ಹೊಳೆ ಸೇರುತ್ತದೆ. ಹಳ್ಳಕ್ಕೆ ಅಡ್ಡವಾಗಿ ನಮ್ಮ ಮುತ್ತಾತಂದಿರ ಕಾಲದ ಕಲ್ಲಿನ ಒಡ್ಡು. ಒಡ್ಡಿನಲ್ಲಿ ಮೂರು ಕಂಡಿ. ಕಂಡಿಗಳಿಗೆ ಹಲಗೆ ಇಳಿಸಿದರೆ ನೀರು ಕಾಲುವೆಗೆ ತಿರುಗಿ ಊರ ಕೆರೆ ತುಂಬುತ್ತದೆ, ಹಲಗೆ ಎತ್ತಿದರೆ ಹೊಳೆಯ ಕಡೆ ಹೋಗುತ್ತದೆ. ಹಲಗೆ ಇಳಿಸುವ, ಎತ್ತುವ ಕೆಲಸ ನೀರುಗಂಟಿಯದು. ಮುನಿರಾಮಯ್ಯನ ಅಪ್ಪ ಮಾಡಿದ, ತಾತ ಮಾಡಿದ.

ಮುಂಗಾರಿನಲ್ಲಿ ಮೊದಲ ಸಲ ಕೆಂಪು ನೀರು ಬಂದ ದಿನ ಮುನಿರಾಮಯ್ಯ ನಡುವಣ ಕಂಡಿಯ ಹಲಗೆ ತೆಗೆದು, ಕಂಬದ ಕಲ್ಲಿಗೆ ಒಂದು ಹೊಂಗೆ ಕೊಂಬೆ ಕಟ್ಟುತ್ತಿದ್ದ. ಅವನ ಹೆಂಡತಿ ಮುನಿಕೃಷ್ಣಮ್ಮ ಆ ಕಲ್ಲಿಗೆ ಅರಿಶಿನ ಹಚ್ಚುತ್ತಿದ್ದಳು. ಕೊಂಬೆ ಕಟ್ಟಿದ ಮೇಲೆ ಮೂರು ದಿನ ಹಳ್ಳಕ್ಕೆ ಬಲೆ ಬೀಳುವಂತಿಲ್ಲ, ಬುಟ್ಟಿ ಇಡುವಂತಿಲ್ಲ, ಗದ್ದೆಯವರು ನೀರು ಕೇಳುವಂತಿಲ್ಲ. ಹೊಳೆಯ ಮಡುಗಳಲ್ಲಿ ಬೇಸಿಗೆ ಕಳೆದ ಮೀನುಗಳು ಹೊಸ ನೀರಿನ ವಾಸನೆ ಹಿಡಿದು, ಬಸುರಿ ಹೊಟ್ಟೆ ಹೊತ್ತುಕೊಂಡು, ಹರಿವಿಗೆ ಎದುರಾಗಿ ಆ ಕಂಡಿ ದಾಟಿ ಮೇಲಕ್ಕೆ ಹೋಗುತ್ತಿದ್ದವು. ಮೇಲೆ ಮರಳು, ಹುಲ್ಲು, ಮೊಳಕಾಲುದ್ದದ ತಿಳಿನೀರು. ಮೊಟ್ಟೆ ಇಡಲು ಅವಕ್ಕೆ ಬೇರೆ ಜಾಗ ಇಲ್ಲ. ನಾಲ್ಕನೆಯ ದಿನ ಕೊಂಬೆ ಬಿಚ್ಚಿ ಹಲಗೆ ಇಳಿಸಿದರೆ ಕೆರೆಗೆ ನೀರು. ತಿಂಗಳು ಕಳೆದ ಮೇಲೆ ಒಂದು ಗೇಣಿನಷ್ಟು ಹಲಗೆ ಎತ್ತಿ ಮರಿಗಳನ್ನು ಕೆಳಕ್ಕೆ ಬಿಡುತ್ತಿದ್ದ. ಆ ಮೂರು ದಿನ ನನ್ನ ಅಂಗಡಿಗೆ ಬಲೆ ಕೇಳಲು ಬಂದವರಿಗೆ, ಕಣ್ಣೆದುರಿಗೇ ಬಲೆ ತೂಗುತ್ತಿದ್ದರೂ, ಇನ್ನೂ ಹೆಣೆದಾಗಿಲ್ಲ ಎನ್ನುತ್ತಿದ್ದೆ. ಅವರೂ ಹೌದೌದು ಎಂದು ತಲೆಯಾಡಿಸಿ ಹೋಗುತ್ತಿದ್ದರು.

ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ನನ್ನ ತಪ್ಪು ಅಲ್ಲಿಂದಲೇ ಹುಟ್ಟಿತು.

ಎಪ್ಪತ್ತೊಂಬತ್ತರಲ್ಲಿ ಹಲಗೆಗಳು ಗೆದ್ದಲು ಹಿಡಿದು ಸೋರತೊಡಗಿದವು. ಊರವರು ಒಂದು ಅರ್ಜಿ ಬರೆದುಕೊಡಿ ಸಾಬ್ರೇ ಎಂದರು. ನಾನು ಬರೆದೆ. ಕಚೇರಿಗೆ ಹೋಗುವ ಅರ್ಜಿ ಎಂದರೆ ಗತ್ತಾಗಿ ಇರಬೇಕಲ್ಲ. ಯಾವುದೋ ಹಳೆಯ ಪತ್ರಿಕೆಯ ಚೂರಿನಲ್ಲಿ ಕಂಡ ಮಾತುಗಳನ್ನು ಪೋಣಿಸಿ ಒಂದು ವಾಕ್ಯ ಕಟ್ಟಿದೆ: "ಹಳ್ಳದ ನೀರಿನ ಒಂದು ಹನಿಯೂ ಮುಂದಕ್ಕೆ ಹರಿದು ವ್ಯರ್ಥವಾಗದಂತೆ ಭದ್ರವಾದ ಕಬ್ಬಿಣದ ಬಾಗಿಲನ್ನು ಅಳವಡಿಸಿಕೊಡಬೇಕಾಗಿ ಗ್ರಾಮಸ್ಥರೆಲ್ಲರ ಒಕ್ಕೊರಲಿನ ಪ್ರಾರ್ಥನೆ." ಓದಿ ಹೇಳಿದಾಗ ಎಲ್ಲರೂ ಚೆನ್ನಾಗಿದೆ ಎಂದರು. ಮುನಿರಾಮಯ್ಯನೂ ಹೆಬ್ಬೆಟ್ಟು ಒತ್ತಿದ. ಮೂರು ದಿನದ ನೀರಿನ ಮಾತು ಅದರಲ್ಲಿರಲಿಲ್ಲ. ಯಾರಿಗೂ ಹೊಳೆಯಲೂ ಇಲ್ಲ. ತಂಗಿಗೆ ಕಾಗದ ಬರೆಯುವಾಗ ನಮ್ಮ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಯಾರಾದರೂ ಬರೆಯುತ್ತಾರೆಯೇ? ನಾನು ನಿಮ್ಮ ಇಲಾಖೆಗೆ ನೆಂಟರಿಗೆ ಬರೆದಂತೆ ಬರೆದೆ. ಉಳಿದದ್ದು ಅವರಿಗೆ ಗೊತ್ತೇ ಇರುತ್ತದೆ ಎಂದುಕೊಂಡೆ.

ನಮ್ಮ ಅರ್ಜಿಗಳಲ್ಲಿ ನೀವು ಅಕ್ಷರಶಃ ಪಾಲಿಸಿದ್ದು ಅದೊಂದನ್ನೇ. ರಸ್ತೆ ಕೇಳಿ ಬರೆದದ್ದು, ಬೀದಿದೀಪ ಕೇಳಿ ಬರೆದದ್ದು ಯಾವ ಗೆದ್ದಲಿನ ಹೊಟ್ಟೆಗೆ ಹೋದವೋ. ಇದಕ್ಕೆ ಮಾತ್ರ ಮುಂದಿನ ಬೇಸಿಗೆಯಲ್ಲೇ ಲಾರಿ ಬಂತು. ಮೂರು ಕಂಡಿಗೂ ಕಬ್ಬಿಣದ ಬಾಗಿಲು, ಬಾಗಿಲಿಗೆ ಸರಪಳಿ, ಸರಪಳಿಗೆ ಅಂಗೈಯಗಲದ ಬೀಗ. ಕೀಲಿ ಮಾತ್ರ ಯಶವಂತಪುರದ ಕಚೇರಿಗೆ ಹೊರಟುಹೋಯಿತು. ಲಿಖಿತ ಆದೇಶವಿಲ್ಲದೆ ತೆಗೆಯತಕ್ಕದ್ದಲ್ಲವಂತೆ. ಹಳ್ಳ ಒಂದು ಕಡೆ, ಅದರ ಕೀಲಿ ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಇನ್ನೊಂದು ಕಡೆ. ಇದನ್ನು ಯೋಚಿಸಿದ ತಲೆಗೆ ನಾನು ದೂರದಿಂದಲೇ ಸಲಾಂ ಮಾಡುತ್ತೇನೆ.

ಆ ವರ್ಷ ಮೊದಲ ಕೆಂಪು ನೀರು ಬಂದ ಬೆಳಿಗ್ಗೆ ಮುನಿರಾಮಯ್ಯ ನನ್ನನ್ನೂ ಕರೆದುಕೊಂಡು ಕೀಲಿ ತರಲು ಹೊರಟ. ಗೊರಗುಂಟೆಪಾಳ್ಯದಲ್ಲಿ ಲಾರಿಗಳ ಸಾಲಿಗೆ ಸಿಕ್ಕಿ ಬಸ್ಸು ನಿಂತಾಗ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಪದೇ ಪದೇ ಆಕಾಶ ನೋಡುತ್ತಿದ್ದ. ಕಚೇರಿಯಲ್ಲಿ ತಾವು ಇರಲಿಲ್ಲ, ಕ್ಯಾಂಪಿನಲ್ಲಿದ್ದಿರಿ. ಇದ್ದವನು ಕಲಬುರ್ಗಿ ಕಡೆಯ ಜವಾನ ಶಿವಶರಣಪ್ಪ ಒಬ್ಬನೇ. ಒಳ್ಳೆಯವನು, ಕೂಡಿಸಿ ಚಹಾ ತರಿಸಿಕೊಟ್ಟ. ನಾವು ಬಂದ ಕಾರಣ ಕೇಳಿ ಬೀರುವಿನ ಕಡೆ ಕೈ ತೋರಿಸಿದ.

"ನಿಮ್ಮ ಕೀಲಿ ಇದರೊಳಗ ಅದರೀ ಅಜ್ಜಾರ. ಇದರ ಕೀಲಿ ಹೆಡ್ ಕ್ಲಾರ್ಕ್ ಸಾಹೇಬ್ರ ಕಿಸೇದಾಗ ಅದ. ಅವರು ಮದುವಿಗೆ ಊರಿಗೆ ಹೋಗ್ಯಾರ, ಬರೂದು ಸೋಮವಾರ."

ಮುನಿರಾಮಯ್ಯ ಅವನ ಮುಖವನ್ನೇ ನೋಡಿದ. "ಮೀನು ಸೋಮ್ವಾರದ್ ಗಂಟ ಕಾಯಾಕಿಲ್ಲ ಕಣಪ್ಪ" ಎಂದ.

"ಏನ್ ಮಾಡೂದ್ರೀ. ಮೀನಿಗೂ ಒಂದು ರಜಾ ಅರ್ಜಿ ಬರೀರಿ ಅನ್ನಾಕ ಆಗತದೇನು" ಎಂದು ಶಿವಶರಣಪ್ಪ ನಕ್ಕ. ನಮ್ಮ ಮುಖ ನೋಡಿ ನಗು ನಿಲ್ಲಿಸಿ, ತನ್ನ ಪಾಲಿನ ಚಹಾವನ್ನೂ ಮುನಿರಾಮಯ್ಯನ ಕಡೆ ಸರಿಸಿದ.

ಸೋಮವಾರದೊಳಗೆ ಎಲ್ಲ ಮುಗಿದಿತ್ತು. ಬಾಗಿಲಿನ ಕೆಳಗಿನ ಕಲ್ಲುಹಾಸಿನ ಮೇಲೆ ನೀರು ಇಳಿದುಹೋಗಿ, ಪಕ್ಕೆಗಳು ಹಾಸಿಗೆ ಹಾಸಿದಂತೆ ಬಿದ್ದಿದ್ದವು. ಗೇಣುದ್ದದ ಬೆಳ್ಳಿ ಮೀನು, ಬಸುರಿಯಾದಾಗ ಪಕ್ಕೆಲುಬಿನ ಮೇಲೆ ಒಂದು ಕೆಂಪು ಗೆರೆ ಏಳುತ್ತದೆ. ಆ ಗೆರೆ ಇನ್ನೂ ಮಾಸಿರಲಿಲ್ಲ. ಮೂತಿಗಳು ಮಾತ್ರ ಜಜ್ಜಿಹೋಗಿದ್ದವು. ಕಾಗೆ, ನಾಯಿ, ಜನ ಎಲ್ಲ ಸೇರಿ ಬಾಚಿಕೊಂಡರು. ಪುಕ್ಕಟೆ ಮೀನು ಸಿಕ್ಕಿತೆಂದು ಯಾರೂ ಸಂತೋಷಪಟ್ಟದ್ದನ್ನು ನಾನು ನೋಡಲಿಲ್ಲ. ಮುನಿಕೃಷ್ಣಮ್ಮ ಅರಿಶಿನದ ಬಟ್ಟಲು ಹಿಡಿದು ಬಂದವಳು ಹಾಗೇ ತಿರುಗಿ ಮನೆಗೆ ಹೋದಳು.

ಮರುವರ್ಷವೂ ಇದೇ. ಅದರ ಮರುವರ್ಷ ಸಾಯಲು ಬಂದ ಮೀನೇ ಕಡಿಮೆ. ನಡುವೆ ನಾನು ತಮ್ಮ ಎದುರು ನಿಂತು ಎಲ್ಲವನ್ನೂ ಬಿಡಿಸಿ ಹೇಳಿದ್ದೆ, ನೆನಪಿದೆಯೇ? ನನ್ನದು ನೀರು, ಮೀನು ಬೇಕಾದರೆ ಮೀನಿನವರನ್ನು ಕೇಳಿ ಎಂದಿರಿ. ಮೀನಿನ ಕಚೇರಿಗೆ ಹೋದೆ. ನಮ್ಮದು ಮೀನು, ನೀರು ಬೇಕಾದರೆ ನೀರಿನವರನ್ನು ಕೇಳಿ ಎಂದರು. ಅಲ್ಲಾಹನು ಒಟ್ಟಿಗೆ ಮಾಡಿದ ಎರಡನ್ನು ಎರಡು ಕಟ್ಟಡಗಳಲ್ಲಿ ಹಂಚಿ ಕೂರಿಸಿದ ಪುಣ್ಯಾತ್ಮರು ಯಾರು? ಮೀನಿನವರು ಒಂದು ಉಪಕಾರ ಮಾಡಿದರು. ಕೆರೆಗೆ ಬಿಡಲು ಕಾಟ್ಲಾ, ರೋಹು ಮರಿ ಕೊಡುತ್ತೇವೆ, ನಿಮ್ಮ ನಾಟಿ ಮೀನು ಹೋದರೆ ಹೋಗಲಿ ಎಂದರು. ಸ್ವಾಮಿ, ತಂದು ಬಿಟ್ಟ ಮೀನನ್ನು ವರ್ಷ ವರ್ಷವೂ ತಂದೇ ಬಿಡಬೇಕು. ನಮ್ಮ ಪಕ್ಕೆ ತನ್ನಷ್ಟಕ್ಕೆ ಬರುತ್ತದೆ, ಮೊಟ್ಟೆಯಿಡುತ್ತದೆ, ಹೋಗುತ್ತದೆ. ಅದು ನಿಮ್ಮಿಂದ ಕೇಳುವುದು ಒಂದು ಕಂಡಿ, ಮೂರು ದಿನ. ಇಷ್ಟು ಕಡಿಮೆ ಕೇಳುವ ಅರ್ಜಿದಾರರು ನಿಮ್ಮ ಕಚೇರಿಗೆ ಎಂದಾದರೂ ಬಂದಿದ್ದಾರೆಯೇ?

ಹೋದ ವರ್ಷ ಆಷಾಢದಲ್ಲಿ ಮುನಿರಾಮಯ್ಯ ಯಾರನ್ನೂ ಕೇಳಲಿಲ್ಲ. ನಿಮ್ಮ ಬೀಗವನ್ನು ಮುಟ್ಟಲೂ ಇಲ್ಲ. ಸರಪಳಿಯನ್ನು ಕಲ್ಲಿಗೆ ಹಿಡಿದಿದ್ದ ಮೊಳೆಯನ್ನು ಹಾರೆಯಿಂದ ಮೀಟಿ ಕಿತ್ತು, ನಡುವಣ ಬಾಗಿಲನ್ನು ಎತ್ತಿ, ಅದರ ಅಡಿಯಲ್ಲಿ ಕಲ್ಲು ಕೊಟ್ಟು, ಕಂಬಕ್ಕೆ ಹೊಂಗೆ ಕೊಂಬೆ ಕಟ್ಟಿದ. ಸುದ್ದಿ ಕೇಳಿ ನಾನು ಸೈಕಲ್ ಹತ್ತಿ ಹೋದೆ. ನಾವಿಬ್ಬರೂ ದಂಡೆಯಲ್ಲಿ ಕುಳಿತೆವು. ಮಧ್ಯಾಹ್ನದವರೆಗೆ ಏನೂ ಇಲ್ಲ. ಇನ್ನು ಈ ಹಳ್ಳಕ್ಕೆ ಅವು ಬರುವುದಿಲ್ಲ, ಮರೆತಿವೆ ಎಂದುಕೊಂಡೆ. ಆಮೇಲೆ ಒಂದು ಬಂತು. ಕಲ್ಲುಹಾಸಿನ ಮೇಲೆ ಹಾರಿ, ಬಿದ್ದು, ಹಿಂದಕ್ಕೆ ಜಾರಿ, ಮತ್ತೆ ಹಾರಿ ಕಂಡಿಯ ನೀರಿಗೆ ಸೇರಿತು. ಆಮೇಲೆ ನಾಲ್ಕು, ಹತ್ತು. ಮೊದಲಿನಷ್ಟಲ್ಲ, ಹಿಂದಿನದರ ಕಾಲುಪಾಲೂ ಇಲ್ಲ. ಆದರೂ ಬಂದವು. ಮುನಿರಾಮಯ್ಯ ತಲೆಯ ಟವೆಲ್ ತೆಗೆದು ಹೆಗಲ ಮೇಲೆ ಹಾಕಿಕೊಂಡ, ಮನೆಗೆ ಹಿರಿಯರು ಬಂದರೆ ಮಾಡುವ ಹಾಗೆ.

ನಾಲ್ಕನೆಯ ದಿನ ಬಾಗಿಲು ಇಳಿಸಿ ಮೊಳೆಯನ್ನು ಅದೇ ತೂತಿಗೆ ಬಡಿದ. ಹಿಂಗಾರಿನಲ್ಲಿ ಕೆರೆ ಎಂದಿನಂತೆ ತುಂಬಿತು, ಮಿಕ್ಕ ನೀರು ಒಡ್ಡಿನ ಮೇಲೆ ಹರಿದಾಗ ಮರಿಗಳೂ ಅದರ ಜೊತೆ ಹೊಳೆಗೆ ಇಳಿದವು. ನಿಮಗೆ ಈ ಸಂಗತಿ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಾದದ್ದು ಹೇಗೆ? ಅವನೇ ಬಂದು ಹೇಳಿದ. ಮೊಳೆ ಸಡಿಲವಾಗಿತ್ತು. ಸರ್ಕಾರದ ಬಾಗಿಲು, ಪ್ರವಾಹಕ್ಕೆ ಕಿತ್ತುಹೋದರೆ ಕಷ್ಟ ಎಂದು ಯಶವಂತಪುರಕ್ಕೆ ಬಂದು ನಿಮ್ಮೆದುರು ಕೈಕಟ್ಟಿ ನಿಂತು, "ಮೂರ್ ದಿನ ಎತ್ತಿದ್ದೆ ಸ್ವಾಮಿ, ಮೊಳೆ ಅಲ್ಲಾಡ್ತದೆ, ಒಂದು ಒಸಾ ಮೊಳೆ ಕೊಡ್ಸಿ" ಎಂದ. ನೀವು ಮೊಳೆಯ ಬದಲು, ಅದೂ ಈ ತಿಂಗಳು, ನೋಟೀಸು ಕೊಟ್ಟಿರಿ. ಇಲಾಖೆಯ ಒಂದು ಬಾಗಿಲು ಭದ್ರವಾಗಿರಲಿ ಎಂದು ಕೂಲಿ ಬಿಟ್ಟು ಎರಡು ಬಸ್ಸು ಹತ್ತಿ ಬಂದ ಮನುಷ್ಯ ನಿಮ್ಮ ಸಿಬ್ಬಂದಿಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ.

ಆ ನೋಟೀಸು ಓದಿ ಹೇಳಲು ನನ್ನನ್ನು ಕರೆದರು. ಅವರ ಮನೆಯ ಜಗಲಿಯಲ್ಲಿ ಕುಳಿತು ಓದುತ್ತಾ ಹೋದೆ. ಸರ್ಕಾರಿ ನೀರನ್ನು ದುರುಪಯೋಗ ಮಾಡಿದ್ದು, ಸರ್ಕಾರಿ ಸ್ವತ್ತಿಗೆ ಧಕ್ಕೆ ತಂದದ್ದು, ಕೆಲಸದಿಂದ ಏಕೆ ತೆಗೆಯಬಾರದು ಎಂದು ಕೇಳಿದ್ದು, ಎಲ್ಲ ಓದಿದೆ. ಆಮೇಲೆ ಒಂದು ಸಾಲು ಬಂತು. "ನೀರಿನ ಒಂದು ಹನಿಯೂ ಮುಂದಕ್ಕೆ ಹರಿದು ವ್ಯರ್ಥವಾಗದಂತೆ ಬಾಗಿಲನ್ನು ಅಳವಡಿಸಬೇಕೆಂಬುದು ನೀವು ಸೇರಿದಂತೆ ಗ್ರಾಮಸ್ಥರೆಲ್ಲರ ಒಕ್ಕೊರಲಿನ ಪ್ರಾರ್ಥನೆಯೇ ಆಗಿರುತ್ತದೆ" ಎಂದು. ನನ್ನ ಮಾತುಗಳು. ನನ್ನ ಗತ್ತು. ಆ ಸಾಲನ್ನು ಹಾರಿಸಿ ಕೆಳಗಿನದನ್ನು ಓದಿ ಮುಗಿಸಿದೆ.

ಎಷ್ಟೋ ಮನೆಗಳಲ್ಲಿ ಸಾವಿನ ಸುದ್ದಿ ಓದಿದ್ದೇನೆ. ಮಗಳನ್ನು ಗಂಡ ಬಿಟ್ಟ ಸುದ್ದಿ ಓದಿದ್ದೇನೆ. ಒಂದು ಅಕ್ಷರ ಬಿಟ್ಟವನಲ್ಲ. ಓದು ಬಾರದವರ ಕಾಗದದಲ್ಲಿ ಸಾಲು ಹಾರಿಸುವುದು ಅವರ ಮನೆಯಲ್ಲಿ ಕದ್ದಂತೆ. ಆ ದಿನ ಮನೆಗೆ ಬಂದು ಊಟ ಮಾಡದೆ ಕುಳಿತದ್ದನ್ನು ನೋಡಿ ನನ್ನ ಹೆಂಡತಿ ಜಹೀರಾ ವಿಷಯ ಬಿಡಿಸಿಕೊಂಡಳು. ಕಚೇರಿಯವರನ್ನು ಬೈದು ಬರೆಯುವುದಕ್ಕೆ ಮೊದಲು ಆ ಮನೆಗೆ ಹೋಗಿ ಬಿಟ್ಟ ಸಾಲನ್ನು ಓದಿ ಬನ್ನಿ ಎಂದಳು.

ಬೆಳಿಗ್ಗೆ ಹೋಗಿ ಓದಿದೆ. ಮುನಿಕೃಷ್ಣಮ್ಮ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ಇದು ನೀವ್ ಬರ್ದಿದ್ದೇ ಅಲ್ವಾ ಸಾಬ್ರೇ?"

"ಹೌದು ತಾಯಿ, ನಾನೇ ಬರೆದದ್ದು."

"ನೆನ್ನೆ ಅಲ್ಲಿಗ್ ಬಂದು ನಿಂತ್ರಿ. ಏನೋ ನುಂಗ್ತಾವ್ರೆ ಅಂದ್ಕೊಂಡೆ" ಎಂದಳು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮುನಿರಾಮಯ್ಯ ಮಾತ್ರ ಸಣ್ಣಗೆ ನಕ್ಕ. "ನೀವೊಬ್ರೇನಾ? ನಾನೂ ಎಬ್ಬೆಟ್ ಒತ್ತಿದ್ದೆ. ಮೀನಿನ್ ಮಾತು ಬರೀಬೇಕು ಅಂತ ಆವತ್ತು ಇಬ್ರಿಗೂ ಒಳೀಲಿಲ್ಲ. ಈಗ ಬರೀರಿ" ಎಂದ.

ಅದಕ್ಕೇ ಬರೆಯುತ್ತಿದ್ದೇನೆ, ಮಾನ್ಯರೇ. ಈ ಸಲ ನೆಂಟರಿಗೆ ಬರೆದಂತೆ ಏನನ್ನೂ ಬಿಟ್ಟಿಲ್ಲ. ಎಪ್ಪತ್ತೊಂಬತ್ತರ ಅರ್ಜಿಯಲ್ಲಿನ ಆ ವಾಕ್ಯವನ್ನು ಬರೆದ ಕೈ ಇದು, ಆ ಕೈಯಿಂದಲೇ ಅದನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಮುಂದಕ್ಕೆ ಹರಿದ ನೀರು ವ್ಯರ್ಥವಲ್ಲ. ಹಳ್ಳಕ್ಕೆ ಮುಂದಕ್ಕೆ ಹರಿಯುವುದೇ ಕೆಲಸ. ಹೊಳೆಗೂ ಹೊಳೆಯ ಮೀನಿಗೂ ಆ ನೀರಿನ ಮೇಲೆ ನಮ್ಮ ಗದ್ದೆಗಳಿಗಿರುವಷ್ಟೇ ಹಕ್ಕಿದೆ. ಇದು ಗೊತ್ತಿದ್ದೂ ಒಂದು ಚಂದದ ಮಾತಿನ ಆಸೆಗೆ ಬಿದ್ದು ಉಲ್ಟಾ ಬರೆದವನು ನಾನು. ಶಿಕ್ಷೆ ಯಾರಿಗಾದರೂ ಆಗಲೇಬೇಕು ಎಂದರೆ ಜೂನ್ ನಾಲ್ಕರಂದು ನಾನು ನಿಮ್ಮ ಕಚೇರಿಯ ಬಾಗಿಲಲ್ಲಿ ಇರುತ್ತೇನೆ. ಅರವತ್ತೇಳು ವರ್ಷ, ಕಿವಿ ಸ್ವಲ್ಪ ಮಂದ, ಗಟ್ಟಿಯಾಗಿ ಕೂಗಿ.

ನೀವು ಮಾಡಬೇಕಾದದ್ದು ಇಷ್ಟು. ಮುನಿರಾಮಯ್ಯನ ಮೇಲಿನ ನೋಟೀಸನ್ನು ವಾಪಸ್ಸು ತೆಗೆದುಕೊಳ್ಳಿ. ನಡುವಣ ಕಂಡಿಯ ಕೀಲಿಯನ್ನು ಅವನ ಕೈಗೆ ಕೊಡಿ. ಮೊದಲ ಕೆಂಪು ನೀರು ಬಂದಾಗ ಮೂರು ದಿನ ಆ ಕಂಡಿ ತೆರೆದಿರತಕ್ಕದ್ದು, ಆ ಮೇಲೆ ಮರಿ ಇಳಿಯುವಾಗ ಒಂದು ಗೇಣು ಎತ್ತತಕ್ಕದ್ದು ಎಂದು ನಿಮ್ಮ ಮೊಹರಿನ ಕೆಳಗೆ ಬರೆದು ಕೊಡಿ, ಇನ್ನು ಮೇಲೆ ಬರೆಯದೇ ಇದ್ದದ್ದು ಯಾವುದೂ ಉಳಿಯುವುದಿಲ್ಲ ಎಂದು ನನಗೆ ಬುದ್ಧಿ ಬಂದಿದೆ. ಜೊತೆಗೆ ಆ ಮೊಳೆ. ಅವನು ಕೇಳಿ ಹತ್ತು ತಿಂಗಳಾಯಿತು.

ತಡಮಾಡಬೇಡಿ. ಹೋದ ವರ್ಷ ಕಂಡಿ ದಾಟಿದ ಆ ಕೆಲವೇ ಮೀನುಗಳ ಮರಿಗಳನ್ನು ನಾನು ಹೊಳೆಯ ಮಡುವಿನಲ್ಲಿ ನೋಡಿ ಬಂದಿದ್ದೇನೆ. ಈಗ ಗೇಣುದ್ದವಾಗಿವೆ. ಈ ಮುಂಗಾರಿನಲ್ಲಿ ಮೊದಲನೆಯ ಬಸಿರು ಹೊತ್ತು, ಹುಟ್ಟಿದ ಜಾಗ ಹುಡುಕಿಕೊಂಡು ಒಡ್ಡಿನ ಕೆಳಗೆ ಬರುತ್ತವೆ. ಅವುಗಳ ಹಿಂದೆ ಬೇರೆ ಸಂತಾನ ಇಲ್ಲ. ಈ ಸಲವೂ ಕಬ್ಬಿಣವೇ ಸಿಕ್ಕಿದರೆ, ಮುಂದಿನ ವರ್ಷ ನೀವು ಬಾಗಿಲನ್ನು ಪೂರ್ತಿ ತೆರೆದಿಟ್ಟರೂ ಹತ್ತಲು ಯಾವುದೂ ಇರುವುದಿಲ್ಲ. ನಂದಿ ಬೆಟ್ಟದ ಕಡೆ ನಿನ್ನೆ ಮಧ್ಯಾಹ್ನ ಮೋಡ ಕಟ್ಟಿತ್ತು. ಇವತ್ತೂ ಕಟ್ಟಿದೆ. ನಿಮ್ಮ ಹೆಡ್ ಕ್ಲಾರ್ಕಿನ ಮನೆಯಲ್ಲಿ ಈ ತಿಂಗಳು ಮದುವೆ ಗಿದುವೆ ಇಲ್ಲ ತಾನೇ?

ಬೇಗ ಕಾಗದ ಬರೆಯಿರಿ. ಈ ಲಕೋಟೆಯಲ್ಲಿ ಒಂದು ಜವಾಬಿ ಕಾರ್ಡು ಇಟ್ಟಿದ್ದೇನೆ. ಅದರ ಮೇಲೆ ವಿಳಾಸವನ್ನೂ ನಾನೇ ಬರೆದಿದ್ದೇನೆ, ನನ್ನದಲ್ಲ, ಮುನಿರಾಮಯ್ಯನದು. ಅದು ತಲುಪಿದ ದಿನ ಓದಿ ಹೇಳಲು ಅವರು ನನ್ನನ್ನೇ ಕರೆಯುತ್ತಾರೆ. ನೀವು ಏನು ಬರೆದಿದ್ದರೂ, ಈ ಸಲ ಒಂದು ಸಾಲನ್ನೂ ಬಿಡದೆ ಓದುತ್ತೇನೆ.

ಇಂತಿ,
ಒಂದು ವಾಕ್ಯ ಚೆನ್ನಾಗಿ ಬರೆದು ಒಂದು ಹಳ್ಳಕ್ಕೆ ಬೀಗ ಹಾಕಿಸಿದವನು,
ದಸ್ತಗೀರ್
ಬಲೆ ಅಂಗಡಿ, ಯಲಹಂಕ ಹಳೇ ಪೇಟೆ